ಡೆನ್ಮಾರ್ಕಿನ ನೀಲ್ಸ್ ಬೋರ್

ಇಪ್ಪತ್ತನೆಯ ಶತಮಾನದ ಮೊದಲ ದಶಕದ ಮಾತು. ಡೆನ್ಮಾರ್ಕಿನ ಅಕಾಡೆಮಿಸ್ಕ್ ಬೋಲ್ಡ್‌ಕ್ಲುಬ್ ಎಂಬ ಕಾಲ್ಚೆಂಡಿನ ತಂಡಕ್ಕೂ ಜರ್ಮನಿಯ ತಂಡವೊಂದಕ್ಕೂ ಪಂದ್ಯ ನಡೆಯುತ್ತಿತ್ತು. ಆಟವೆಲ್ಲ ಜರ್ಮನರ ಗೋಲಿನ ಸುತ್ತಲೇ ಸಾಗಿದ್ದುದರಿಂದ ಡೇನರ ಗೋಲುರಕ್ಷಕನಿಗೆ ಬಹಳ ಹೊತ್ತು ಕೆಲಸವೇ ಇರಲಿಲ್ಲ. ಇದ್ದಕ್ಕಿದ್ದಂತೆ ಚೆಂಡು ಅವನ ಗೋಲಿನ ಕಡೆಗೆ ಉರುಳಿಬರತೊಡಗಿತು. ಗೋಲುರಕ್ಷಕ ಮಾತ್ರ ಕಂಬದ ಬಳಿ ತನ್ನ ಪಾಡಿಗೆ ತಾನು ನಿಂತೇ ಇದ್ದ. ಪ್ರೇಕ್ಷಕನೊಬ್ಬ ಗಟ್ಟಿಯಾಗಿ ಕೂಗಿ ಎಚ್ಚರಿಸಿದ ಮೇಲೆಯೇ ಅವನಿಗೆ ಮೈದಾನದ ಪರಿವೆ ಬಂದದ್ದು. ಗಣಿತದ ಸಮಸ್ಯೆಯೊಂದು ಮನಸ್ಸನ್ನು ಹಿಡಿದುಬಿಟ್ಟಿತ್ತೆಂದು ಅವನು ಪಂದ್ಯದ ತರುವಾಯ ನಾಚಿಕೆಯಿಂದ ಒಪ್ಪಿಕೊಂಡನಂತೆ. ಆ ತರುಣನೇ ಮುಂದೆ ಪರಮಾಣುವಿನ ರಚನೆಯನ್ನು ಕುರಿತ ಕಲ್ಪನೆಯನ್ನೇ ಬದಲಾಯಿಸಿದ ಮಹಾವಿಜ್ಞಾನಿ ನೀಲ್ಸ್ ಬೋರ್.

ಬೋರ್ ಅವರು 1885ನೆಯ ಅಕ್ಟೋಬರ್ 7ರಂದು ಡೆನ್ಮಾರ್ಕಿನ ರಾಜಧಾನಿಯಾದ ಕೋಪನ್‌ಹೇಗನ್‌ನಲ್ಲಿ ಜನಿಸಿದರು. ತಂದೆ ಕ್ರಿಶ್ಚಿಯನ್ ಬೋರ್ ವಿಶ್ವವಿದ್ಯಾನಿಲಯದಲ್ಲಿ ಶರೀರಕ್ರಿಯಾಶಾಸ್ತ್ರದ ಪ್ರಾಧ್ಯಾಪಕರು; ತಾಯಿ ಎಲೆನ್ ಆಡ್ಲರ್ ಯೆಹೂದಿ ಮನೆತನದವರು. ತಾಯಿಯ ಈ ಕುಲಸಂಬಂಧ ಐವತ್ತೆಂಟು ವರ್ಷಗಳ ಮೇಲೆ ಮಗನ ಪ್ರಾಣಕ್ಕೇ ಕುತ್ತಾಗುವುದೆಂದು ಆಗ ಯಾರೂ ಎಣಿಸಿರಲಿಲ್ಲ. ತಮ್ಮ ಹೆರಾಲ್ಡ್ ಅಣ್ಣನಿಗಿಂತ ಚುರುಕಾದ ಹುಡುಗ. ಕಾಲ್ಚೆಂಡಿನಲ್ಲಂತೂ ಅಣ್ಣನನ್ನು ಮೀರಿಸಿದವನು. 1908ರಲ್ಲಿ ಲಂಡನ್ನಿನ ಒಲಿಂಪಿಕ್ ಕ್ರೀಡೆಗಳಲ್ಲಿ ಬೆಳ್ಳಿಯ ಪದಕ ಗೆದ್ದ ಡೆನ್ಮಾರ್ಕ್ ತಂಡದಲ್ಲಿ ಅವನಿದ್ದ. ಮುಂದೆ ಅವನು ಹೆಸರಾಂತ ಗಣಿತಜ್ಞನಾದರೂ ಊರಿನ ಸಾಮಾನ್ಯ ಜನಕ್ಕೆ ಬಹುಕಾಲ ಆಟಗಾರನಾಗಿಯೇ ಪರಿಚಿತನಾಗಿದ್ದ. ಅಣ್ಣ ತಮ್ಮಂದಿರಲ್ಲಿ ಅಸೂಯೆ ಎಂಬುದು ಕೊನೆಯವರೆಗೂ ತಲೆಹಾಕಲಿಲ್ಲ.

1911ರಲ್ಲಿ ಡಾಕ್ಟರೇಟ್ ಪದವಿ ಪಡೆದ ನೀಲ್ಸ್ ಹೆಚ್ಚಿನ ಸಂಶೋಧನೆಗಾಗಿ ಇಂಗ್ಲೆಂಡಿನ ಕೇಂಬ್ರಿಡ್ಜಿಗೆ ಹೋದರು. ಎಲೆಕ್ಟ್ರಾನನ್ನು ಕಂಡುಹಿಡಿದ ಜೆ. ಜೆ. ಥಾಮ್ಸನ್ ಅವರ ಬಳಿ ಕೆಲಸ ಮಾಡಬೇಕೆಂಬುದು ಅವರ ಆಸೆ. ಆದರೆ ಪರದೇಶದ ಬಾಳು ಸುಲಭವಾಗಿರಲಿಲ್ಲ. ಇಂಗ್ಲಿಷ್ ಭಾಷೆ ಅವರಿಗೆ ಸರಿಯಾಗಿ ಬಾರದು. ಡಿಕನ್ಸ್‌ನ ಕಾದಂಬರಿಯನ್ನು ಮುಂದಿರಿಸಿಕೊಂಡು, ಪಕ್ಕದಲ್ಲಿ ನಿಘಂಟನ್ನು ತೆರೆದಿಟ್ಟು, ಒಂದೊಂದು ಪದದ ಅರ್ಥವನ್ನೂ ಹುಡುಕುತ್ತ ಅವರು ಆ ಭಾಷೆಯನ್ನು ಕಲಿತರು. ಮೊದಲ ಭೇಟಿಗಳಲ್ಲೇ ಥಾಮ್ಸನ್ನರ ಗ್ರಂಥದಲ್ಲಿದ್ದ ತಪ್ಪೊಂದನ್ನು ತೋರಿಸಿದರು. ತಪ್ಪನ್ನು ತಪ್ಪೆಂದು ಹೇಳಲು ಬೇಕಾದಷ್ಟು ಇಂಗ್ಲಿಷ್ ಅವರಲ್ಲಿತ್ತು. ಅದನ್ನೇ ನಯವಾಗಿ ಹೇಳಲು ಬೇಕಾದಷ್ಟು ಇರಲಿಲ್ಲ. ಬೋರ್ ತಂದಿದ್ದ ಪ್ರಬಂಧವನ್ನು ಓದಲು ಥಾಮ್ಸನ್ನರಿಗೆ ಬಿಡುವೇ ದೊರೆಯಲಿಲ್ಲ.

ಮರುವರ್ಷ ಅವರು ಮ್ಯಾಂಚೆಸ್ಟರಿಗೆ ತೆರಳಿ ಅರ್ನೆಸ್ಟ್ ರುದರ್‌ಫರ್ಡ್ ಅವರನ್ನು ಸೇರಿದರು. ರುದರ್‌ಫರ್ಡ್ ಕೂಡ ಹೊರಗಿನಿಂದ ಬಂದವರೇ. ದೂರದ ನ್ಯೂಜಿಲೆಂಡಿನ ರೈತನ ಮಗ. ಪ್ರಯೋಗ ಮಾಡದೆ ಕಾಗದದ ಮೇಲೆ ಲೆಕ್ಕ ಹಾಕುವವರನ್ನು ಕಂಡರೆ ಅವರಿಗೆ ಅಷ್ಟಕ್ಕಷ್ಟೆ. ಬೋರ್ ಮಾತ್ರ ಹೇಗೆ ಮೆಚ್ಚಿಕೆಯಾದರೆಂದು ಯಾರೋ ಕೇಳಿದ್ದಕ್ಕೆ, ಈತನ ಮಾತು ಬೇರೆ, ಈತ ಕಾಲ್ಚೆಂಡಿನ ಆಟಗಾರ ಎಂಬ ಅರ್ಥದ ಉತ್ತರ ಬಂದಿತಂತೆ.

ಪರಮಾಣುವಿನ ನಡುವೆ ಅತಿ ಸಣ್ಣದಾದ ಬೀಜಕೇಂದ್ರವಿದೆ, ಎಲೆಕ್ಟ್ರಾನುಗಳು ಅದರ ಸುತ್ತ ಇವೆ ಎಂದು ರುದರ್‌ಫರ್ಡ್ ಆಗತಾನೆ ತೋರಿಸಿದ್ದರು. ಆದರೆ ಅಂದಿನವರೆಗಿನ ಭೌತಶಾಸ್ತ್ರದ ನಿಯಮಗಳಂತೆ, ಸುತ್ತುವ ಎಲೆಕ್ಟ್ರಾನು ಶಕ್ತಿಯನ್ನು ಕಳೆದುಕೊಳ್ಳುತ್ತ ಕ್ಷಣಾರ್ಧದಲ್ಲಿ ಬೀಜಕೇಂದ್ರಕ್ಕೆ ಬೀಳಬೇಕು. ಜಗತ್ತಿನಲ್ಲಿ ಒಂದು ಪರಮಾಣುವೂ ಉಳಿಯಬಾರದು. 1913ರಲ್ಲಿ ಬೋರ್ ಪ್ರಕಟಿಸಿದ ಮೂರು ಲೇಖನಗಳು ಈ ತೊಡಕಿಗೆ ಹೊಸ ದಾರಿ ತೋರಿಸಿದವು. ಎಲೆಕ್ಟ್ರಾನು ಕೆಲವು ಗೊತ್ತಾದ ಕಕ್ಷೆಗಳಲ್ಲಿ ಮಾತ್ರ ಇರಬಲ್ಲದು. ಅಲ್ಲಿರುವಷ್ಟು ಕಾಲ ಅದು ಶಕ್ತಿಯನ್ನು ಹೊರಸೂಸದು. ಮೇಲಿನ ಕಕ್ಷೆಯಿಂದ ಕೆಳಗಿನದಕ್ಕೆ ನೆಗೆದಾಗ ಮಾತ್ರ ಬೆಳಕು ಹೊರಡುತ್ತದೆ ಎಂದು ಅವರು ಸೂಚಿಸಿದರು. ಹೈಡ್ರೋಜನ್ನಿನ ರೋಹಿತದಲ್ಲಿ ಕಾಣುವ ಗೆರೆಗಳಿಗೆ ಈ ಸೂಚನೆ ಕರಾರುವಾಕ್ಕಾಗಿ ಹೊಂದಿಕೊಂಡಿತು. ಇಂದು ವಿಜ್ಞಾನಿಗಳು ಆ ಕಕ್ಷೆಗಳನ್ನು ಅಕ್ಷರಶಃ ಒಪ್ಪುವುದಿಲ್ಲ. ಆದರೂ ಹೊಸ ಭೌತಶಾಸ್ತ್ರದ ಬಾಗಿಲು ತೆರೆದದ್ದು ಅಲ್ಲಿಂದಲೇ. 1922ರ ನೊಬೆಲ್ ಪಾರಿತೋಷಕ ಬೋರ್ ಅವರಿಗೆ ಸಂದಿತು.

ಅಷ್ಟರಲ್ಲಿ ಅವರು ತಾಯ್ನಾಡಿನಲ್ಲಿ ನೆಲೆಸಿ ಆಗಿತ್ತು. ಮ್ಯಾಂಚೆಸ್ಟರಿಗೇ ಬಂದು ನೆಲೆಸಬೇಕೆಂದು ರುದರ್‌ಫರ್ಡ್ ಆಹ್ವಾನಿಸಿದಾಗ, ತಮ್ಮ ನಾಡಿನಲ್ಲಿ ಭೌತಶಾಸ್ತ್ರವನ್ನು ಬೆಳೆಸುವ ಹೊಣೆ ತಮ್ಮ ಮೇಲಿದೆಯೆಂದು ಬೋರ್ ವಿನಯದಿಂದ ಅದನ್ನು ಒಲ್ಲೆನೆಂದರು. 1921ರಲ್ಲಿ ಕೋಪನ್‌ಹೇಗನ್‌ನಲ್ಲಿ ಅವರ ಸಂಶೋಧನ ಮಂದಿರ ಆರಂಭವಾಯಿತು. ಬೋರ್ ಪರದೇಶಕ್ಕೆ ಹೋಗುವ ಬದಲು ಪರದೇಶಗಳೇ ಅಲ್ಲಿಗೆ ಬಂದವು. ಜರ್ಮನಿಯಿಂದ ಹೈಸನ್‌ಬರ್ಗ್, ಆಸ್ಟ್ರಿಯದಿಂದ ಪೌಲಿ, ರಷ್ಯದಿಂದ ಗ್ಯಾಮೊ ಮತ್ತು ಲಾಂಡೌ, ಹಾಲೆಂಡಿನಿಂದ ಕ್ಯಾಸಿಮಿರ್, ಜಪಾನಿನಿಂದ ನಿಶಿನ ಹೀಗೆ ತರುಣರು ಬಂದು ತಿಂಗಳುಗಟ್ಟಲೆ, ವರ್ಷಗಟ್ಟಲೆ ತಂಗುತ್ತಿದ್ದರು. ಮುಂದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕೆಲಸ ಮಾಡಿದ ನಮ್ಮ ಹೋಮಿ ಭಾಭಾ ಅವರೂ 1930ರ ದಶಕದಲ್ಲಿ ಕೆಲಕಾಲ ಅಲ್ಲಿದ್ದವರೇ. ಬೋರ್ ಅವರ ಮಾತು ಮೆಲ್ಲನೆಯದು, ಅಸ್ಪಷ್ಟವಾದುದು. ಡೇನಿಷ್, ಜರ್ಮನ್, ಇಂಗ್ಲಿಷ್ ಮೂರೂ ಅದರಲ್ಲಿ ಬೆರೆತುಹೋಗುತ್ತಿದ್ದವು. ಬಂದವರೆಲ್ಲ ಆ ಬೆರಕೆಯ ಭಾಷೆಗೆ ಕಿವಿಯನ್ನು ಹೊಂದಿಸಿಕೊಳ್ಳಬೇಕಾಗಿತ್ತು.

ಆ ಮಂದಿರದಲ್ಲಿ ಆಟಕ್ಕೂ ಪಾಠಕ್ಕೂ ನಡುವೆ ಗೋಡೆ ಇರಲಿಲ್ಲ. ಗ್ರಂಥಾಲಯದ ಮೇಜಿನ ಮೇಲೆ ಟೇಬಲ್ ಟೆನ್ನಿಸ್ ನಡೆಯುತ್ತಿತ್ತು. ಅದರಲ್ಲಿ ಬೋರ್ ಅವರನ್ನು ಸೋಲಿಸುವುದು ಸುಲಭವಲ್ಲ. 1932ರಲ್ಲಿ ಕವಿ ಗಯಟೆ ತೀರಿಕೊಂಡು ನೂರು ವರ್ಷ ತುಂಬಿದಾಗ ಶಿಷ್ಯರು ಅವನ ‘ಫೌಸ್ಟ್’ ನಾಟಕದ ಅಣಕವನ್ನಾಡಿದರು. ಅದರಲ್ಲಿ ದೇವರ ಪಾತ್ರ ಬೋರ್ ಅವರನ್ನೇ ಹೋಲುತ್ತಿತ್ತು. ಗುರುವನ್ನು ಹೀಗೆ ಹಾಸ್ಯಮಾಡುವುದು ಅಂದಿನ ಯೂರೋಪಿನ ಬೇರೆ ಎಷ್ಟೋ ವಿದ್ಯಾಲಯಗಳಲ್ಲಿ ಊಹಿಸಲಾಗದ ಸಂಗತಿ. 1935ರಲ್ಲಿ ಅವರಿಗೆ ಐವತ್ತು ತುಂಬಿದ ಸಂದರ್ಭಕ್ಕೆ ಶಿಷ್ಯರು ಅರ್ಪಿಸಿದ್ದು ಭೌತಶಾಸ್ತ್ರದ ಹಾಸ್ಯಲೇಖನಗಳ ಸಂಚಿಕೆಯನ್ನು. ಒಂದು ರಾತ್ರಿ ಔತಣದಿಂದ ಮರಳುವಾಗ ಕ್ಯಾಸಿಮಿರ್ ಬ್ಯಾಂಕಿನ ಕಟ್ಟಡವೊಂದರ ಗೋಡೆಯನ್ನು ಹತ್ತಿ ತೋರಿಸಿದರು. ಬೋರ್ ಸುಮ್ಮನಿರಲಾರದೆ ತಾವೂ ಹತ್ತತೊಡಗಿದರು. ಗಸ್ತಿನ ಪೊಲೀಸರಿಬ್ಬರು ಓಡಿ ಬಂದು ಮೇಲೆ ನೋಡಿ, ಇವರು ಪ್ರಾಧ್ಯಾಪಕ ಬೋರ್ ಎಂದು ತಿಳಿದು ನಿಶ್ಚಿಂತೆಯಿಂದ ಹಿಂದಿರುಗಿದರೆಂದು ಗ್ಯಾಮೊ ಬರೆದಿದ್ದಾರೆ.

ಚಲನಚಿತ್ರಗಳೆಂದರೆ ಬೋರ್ ಅವರಿಗೆ ಬಲು ಇಷ್ಟ. ಅದರಲ್ಲಿಯೂ ಅಮೆರಿಕದ ಕುದುರೆಸವಾರರ, ಪಿಸ್ತೂಲಿನ ಹೊಡೆದಾಟದ ಚಿತ್ರಗಳು. ಸಂಜೆ ಶಿಷ್ಯರನ್ನು ಕೂಡಿಕೊಂಡು ಚಿತ್ರಮಂದಿರಕ್ಕೆ ಹೋಗುವರು. ಕಥೆ ಎಷ್ಟೇ ಸರಳವಾಗಿರಲಿ, ಯಾರು ಯಾರ ತಂಗಿ, ಯಾರು ಯಾರನ್ನು ಕೊಂದರು ಎಂದು ನಡುನಡುವೆ ಕೇಳುತ್ತಲೇ ಇರುವರು. ಚಿತ್ರ ಮುಗಿದ ಮೇಲೆ ಮಾತ್ರ ಅದರ ಮೇಲೆ ಗಂಭೀರವಾದ ವಿಮರ್ಶೆ ಹೊರಡುತ್ತಿತ್ತು. ಖಳನು ಹುಡುಗಿಯನ್ನು ಹೊತ್ತುಕೊಂಡು ಓಡುತ್ತಾನೆ. ಅವರು ದಾಟುವಾಗಲೇ ಸೇತುವೆ ಕುಸಿಯುತ್ತದೆ. ಹುಡುಗಿ ಪ್ರಪಾತದ ಮೇಲೆ ಜೋತಾಡುವ ಹೊತ್ತಿಗೆ ಸರಿಯಾಗಿ ನಾಯಕ ಬರುತ್ತಾನೆ. ಇಷ್ಟನ್ನೂ ಬೋರ್ ನಂಬಲು ಸಿದ್ಧರಾಗಿದ್ದರು. ಆದರೆ ಅದೇ ಗಳಿಗೆಗೆ ಅದೇ ಜಾಗದಲ್ಲಿ ಒಬ್ಬನು ಕ್ಯಾಮೆರಾ ಹಿಡಿದು ನಿಂತಿದ್ದನೆಂಬುದನ್ನು ಮಾತ್ರ ನಂಬಲಾರರು. ನೋಡುವವನನ್ನು ಬಿಟ್ಟು ನೋಟವನ್ನು ವಿವರಿಸಲಾಗದು ಎಂಬುದೇ ಆ ವರ್ಷಗಳಲ್ಲಿ ಅವರು ಪರಮಾಣು ಜಗತ್ತಿನ ಬಗೆಗೆ ಹೇಳುತ್ತಿದ್ದ ಮಾತು. ಈ ಹಾಸ್ಯದಲ್ಲಿಯೂ ಅದರ ನೆರಳಿದೆ.

ಈ ಚಿತ್ರಗಳಲ್ಲಿ ಖಳನೇ ಮೊದಲು ಪಿಸ್ತೂಲಿಗೆ ಕೈಹಾಕಿದರೂ ಗೆಲ್ಲುವವನು ನಾಯಕನೇ. ಕಥೆಗಾರನ ಅನುಕೂಲಕ್ಕಾಗಿ ಹೀಗಾಗುತ್ತದೆಂದು ಎಲ್ಲರೂ ನಕ್ಕು ಬಿಟ್ಟುಬಿಡುತ್ತಾರೆ. ಬೋರ್ ಬಿಡಲಿಲ್ಲ. ಮೊದಲು ಹೊಡೆಯುವವನು ಯಾವಾಗ ಹೊಡೆಯಬೇಕೆಂದು ಮನಸ್ಸಿನಲ್ಲಿ ನಿಶ್ಚಯಿಸಬೇಕಾಗುತ್ತದೆ. ನಿಶ್ಚಯ ಕೈಯನ್ನು ನಿಧಾನಗೊಳಿಸುತ್ತದೆ. ಎದುರಿನವನ ಕೈ ಆಲೋಚನೆಯಿಲ್ಲದೆ ತಾನಾಗಿ ಚಲಿಸುವುದರಿಂದ ಅದು ವೇಗವಾಗಿರುತ್ತದೆ ಎಂದು ವಾದಿಸಿದರು. ಶಿಷ್ಯರು ಒಪ್ಪದಿರಲು, ಗ್ಯಾಮೊ ಆಟಿಕೆಯ ಪಿಸ್ತೂಲುಗಳನ್ನು ಕೊಂಡು ತಂದರು. ಬೋರ್ ನಾಯಕನಾಗಿ ನಿಂತು ಶಿಷ್ಯರೆಲ್ಲರನ್ನೂ ಹೊಡೆದುರುಳಿಸಿದರು! 2010ರಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾನಿಲಯದ ಸಂಶೋಧಕರು ಇದನ್ನು ಮತ್ತೆ ಪರೀಕ್ಷಿಸಿದರು. ಪ್ರತಿಕ್ರಿಯೆಯಾಗಿ ಚಲಿಸುವ ಕೈ ನಿಜವಾಗಿಯೂ ತುಸು ವೇಗವಾಗಿರುತ್ತದೆಂದು ಅವರಿಗೆ ಕಂಡುಬಂದಿತು. ಆದರೆ ಎದುರಾಳಿ ಚಲಿಸಿದನೆಂದು ಕಂಡುಕೊಳ್ಳಲು ಹಿಡಿಯುವ ಕಾಲ ಆ ಉಳಿತಾಯಕ್ಕಿಂತ ಹೆಚ್ಚಿನದಾದ್ದರಿಂದ ನಿಜವಾದ ಕಾಳಗದಲ್ಲಿ ನಾಯಕ ಬದುಕುವುದು ಕಷ್ಟ. ಬೋರ್ ಅವರ ಗೆಲುವಿಗೆ ಬಹುಶಃ ಅವರ ಆಟಗಾರಿಕೆಯೇ ಕಾರಣವಾಗಿದ್ದಿರಬೇಕು.

ನಾನಾ ನಾಡಿನ ಜನ ಒಂದೇ ಸೂರಿನಡಿ ಬಾಳುವುದನ್ನು ದಿನವೂ ನೋಡುತ್ತಿದ್ದ ಬೋರ್ ಅವರಿಗೆ ಒಂದೊಂದು ಜನಾಂಗದ ಸ್ವಭಾವವೂ ಚಿಂತನೆಯ ವಿಷಯವಾಗಿತ್ತು. ಡೇನಿಷ್ ಭಾಷೆ ಕಲಿತ ಪರದೇಶಿಯ ಕೈಗೆ ಅವರು ಪೌಲ್ ಮಾರ್ಟಿನ್ ಮುಲ್ಲರ್ ಬರೆದ ಒಂದು ಸಣ್ಣ ಹಳೆಯ ಕಥೆಯನ್ನು ಕೊಡುತ್ತಿದ್ದರು. ತಾನು ಯೋಚಿಸುತ್ತಿರುವುದರ ಬಗ್ಗೆಯೇ ಯೋಚಿಸುತ್ತ, ಆ ಯೋಚನೆಯ ಬಗ್ಗೆ ಮತ್ತೆ ಯೋಚಿಸುತ್ತ ಯಾವ ಕೆಲಸವನ್ನೂ ಮಾಡಲಾರದೆ ಹೋಗುವ ವಿದ್ಯಾವಂತನೊಬ್ಬ ಅದರಲ್ಲಿ ಬರುತ್ತಾನೆ. ಡೇನರು ತಮ್ಮನ್ನು ತಾವೇ ಹಾಸ್ಯಮಾಡಿಕೊಳ್ಳುವ ಪರಿ ಅದರಿಂದ ತಿಳಿಯುವುದೆಂದು ಅವರ ಎಣಿಕೆ. ತಮ್ಮ ಲೇಖನದ ಒಂದೊಂದು ವಾಕ್ಯವನ್ನೂ ಹತ್ತಾರು ಸಲ ತಿದ್ದಿ ಬರೆಸುತ್ತಿದ್ದ ಬೋರ್ ಅವರಲ್ಲಿಯೂ ಆ ವಿದ್ಯಾವಂತನ ಅಂಶ ಸಾಕಷ್ಟಿತ್ತು.

1938ರಲ್ಲಿ ಮಾನವಶಾಸ್ತ್ರಜ್ಞರ ಅಂತರರಾಷ್ಟ್ರೀಯ ಸಮ್ಮೇಳನವೊಂದು ಡೆನ್ಮಾರ್ಕಿನಲ್ಲಿ ಸೇರಿತು. ಷೇಕ್ಸ್‌ಪಿಯರನ ಹ್ಯಾಮ್ಲೆಟ್ ವಾಸವಾಗಿದ್ದನೆಂದು ಹೇಳುವ ಕ್ರೋನ್‌ಬೋರ್ಗ್ ಕೋಟೆಯಲ್ಲಿ ಬೋರ್ ಅದರ ಸದಸ್ಯರನ್ನು ಉದ್ದೇಶಿಸಿ ಮಾತನಾಡಿದರು. ಬೆಳಕು ಒಂದು ಪ್ರಯೋಗದಲ್ಲಿ ಅಲೆಯಾಗಿಯೂ ಇನ್ನೊಂದರಲ್ಲಿ ಕಣವಾಗಿಯೂ ಕಾಣುತ್ತದೆ. ಎರಡು ನೋಟಗಳೂ ಒಂದನ್ನೊಂದು ತುಂಬಿಕೊಡುತ್ತವೆ. ಇದು 1927ರಲ್ಲಿ ಅವರು ಮಂಡಿಸಿದ್ದ ಪೂರಕತತ್ತ್ವ. ಮನುಷ್ಯರ ಸಂಸ್ಕೃತಿಗಳಿಗೂ ಇಂಥ ಸಂಬಂಧವುಂಟೆಂದು ಅವರು ವಿವರಿಸಿದರು. ಪ್ರತಿಯೊಂದು ಜನಾಂಗವೂ ತನಗರಿವಿಲ್ಲದ ಪೂರ್ವಗ್ರಹಗಳ ಮೇಲೆ ನಿಂತಿರುತ್ತದೆ. ಬೇರೆ ಜನರ ನಡುವೆ ಬಾಳಿದಾಗಲೇ ಅವು ಕಣ್ಣಿಗೆ ಬೀಳುತ್ತವೆ. ಪರಮಾಣುವಿನಲ್ಲಿ ಎರಡು ನೋಟಗಳು ಒಂದಾಗಲಾರವು, ಆದರೆ ಸಂಸ್ಕೃತಿಗಳು ಒಂದನ್ನೊಂದು ಮುಟ್ಟಿ ಬದಲಾಗಬಲ್ಲವು ಎಂಬ ವ್ಯತ್ಯಾಸವನ್ನೂ ಅವರು ಮರೆಯಲಿಲ್ಲ. ಪಕ್ಕದ ಜರ್ಮನಿಯಲ್ಲಿ ಒಂದು ಜನಾಂಗವೇ ಎಲ್ಲಕ್ಕಿಂತ ಶ್ರೇಷ್ಠವೆಂಬ ಘೋಷಣೆ ಮೊಳಗುತ್ತಿದ್ದ ವರ್ಷ ಅದು. 1933ರಿಂದಲೂ ಅಲ್ಲಿಂದ ಓಡಿಬಂದ ಎಷ್ಟೋ ವಿಜ್ಞಾನಿಗಳಿಗೆ ಬೋರ್ ಆಶ್ರಯ ಒದಗಿಸುತ್ತಿದ್ದರು.

1940ರ ಏಪ್ರಿಲ್ 9ರಂದು ಜರ್ಮನರ ಸೈನ್ಯ ಡೆನ್ಮಾರ್ಕನ್ನು ಆಕ್ರಮಿಸಿತು. ಮೂರೂವರೆ ವರ್ಷ ಬೋರ್ ಜಗ್ಗದೆ ಅಲ್ಲಿಯೇ ನಿಂತರು. 1943ರ ಸೆಪ್ಟೆಂಬರಿನಲ್ಲಿ, ಯೆಹೂದ್ಯರನ್ನೆಲ್ಲ ಹಿಡಿದೊಯ್ಯುವ ಸಿದ್ಧತೆ ನಡೆದಿದೆಯೆಂಬ ಸುದ್ದಿ ತಿಳಿಯಿತು. ಸೆಪ್ಟೆಂಬರ್ 29ರ ರಾತ್ರಿ ಬೋರ್ ಪತ್ನಿ ಮಾರ್ಗರೆಟ್ ಅವರೊಡನೆ ದೋಣಿಯಲ್ಲಿ ಕಡಲನ್ನು ದಾಟಿ ಸ್ವೀಡನ್ ಸೇರಿದರು. ತಾವು ಪಾರಾದೆವೆಂದು ಸುಮ್ಮನಿರದೆ, ಉಳಿದವರಿಗೂ ಬಹಿರಂಗವಾಗಿ ಆಶ್ರಯ ಘೋಷಿಸಬೇಕೆಂದು ಅಲ್ಲಿನ ಸರ್ಕಾರವನ್ನೂ ದೊರೆಯನ್ನೂ ಬೇಡಿದರು. ಸ್ವೀಡನ್ನಿನ ನಿರ್ಧಾರದಲ್ಲಿ ಅವರ ಬೇಡಿಕೆಯ ಪಾಲೆಷ್ಟು ಎಂಬುದರಲ್ಲಿ ಇತಿಹಾಸಕಾರರಿಗೆ ಭಿನ್ನಾಭಿಪ್ರಾಯವಿದೆ. ಘೋಷಣೆಯಂತೂ ಹೊರಟಿತು. ಡೆನ್ಮಾರ್ಕಿನ ಬೆಸ್ತರೂ ಜನಸಾಮಾನ್ಯರೂ ಏಳು ಸಾವಿರಕ್ಕೂ ಮಿಕ್ಕ ಯೆಹೂದ್ಯರನ್ನು ಇರುಳಿರುಳೇ ದೋಣಿಗಳಲ್ಲಿ ಆಚೆ ದಡ ಮುಟ್ಟಿಸಿದರು.

ಅಲ್ಲಿಂದ ಬ್ರಿಟನ್ನಿಗೆ ಹೋದ ಪ್ರಯಾಣವಂತೂ ಬೋರ್ ನೋಡುತ್ತಿದ್ದ ಚಲನಚಿತ್ರಗಳ ಘಟನೆಯಂತಿತ್ತು. ಮಸ್ಕಿಟೊ ಎಂಬ ಸಣ್ಣ ಯುದ್ಧವಿಮಾನದಲ್ಲಿ ಬಾಂಬು ಇಡುವ ಜಾಗದಲ್ಲಿ ಅವರನ್ನು ಮಲಗಿಸಿದ್ದರು. ಅವರ ತಲೆ ದೊಡ್ಡದು; ಕಿವಿಯಾಲಿಕೆಗಳಿದ್ದ ಶಿರಸ್ತ್ರಾಣ ಸರಿಯಾಗಿ ಕೂರಲಿಲ್ಲ. ವಿಮಾನ ಬಹಳ ಎತ್ತರಕ್ಕೇರಿದಾಗ ಆಮ್ಲಜನಕವನ್ನು ಬಳಸಬೇಕೆಂದು ಚಾಲಕ ಕೊಟ್ಟ ಸೂಚನೆ ಕೇಳಿಸದೆ ಅವರು ಮೂರ್ಛೆಹೋದರು. ಉತ್ತರ ಬಾರದ್ದರಿಂದ ಅನುಮಾನಗೊಂಡ ಚಾಲಕ ವಿಮಾನವನ್ನು ಕೆಳಕ್ಕಿಳಿಸಿದ್ದರಿಂದ ಅವರ ಪ್ರಾಣ ಉಳಿಯಿತು.

ಅಮೆರಿಕದಲ್ಲಿ ಅವರಿಗೆ ಹೆಸರೂ ಬೇರೆಯಾಯಿತು. ನೀಲ್ಸ್ ಬೋರ್ ನಿಕೊಲಸ್ ಬೇಕರ್ ಆದರು. ಜೊತೆಗಿದ್ದ ಮಗ ಓಗೆ ಜಿಮ್ ಬೇಕರ್ ಆದನು. ಲಾಸ್ ಅಲಾಮೊಸ್‌ನಲ್ಲಿ ಪರಮಾಣು ಬಾಂಬನ್ನು ತಯಾರಿಸುತ್ತಿದ್ದವರಲ್ಲಿ ಅನೇಕರು ಅವರ ಹಳೆಯ ಶಿಷ್ಯರೇ. ಬೋರ್ ಅವರಿಗೆ ಸಲಹೆ ನೀಡಿದರು. ಆದರೆ ಅವರ ಮನಸ್ಸೆಲ್ಲ ಬಾಂಬಿನ ಮುಂದಿನ ದಿನಗಳ ಮೇಲಿತ್ತು. ಈ ಆಯುಧದ ರಹಸ್ಯ ಬಹುಕಾಲ ರಹಸ್ಯವಾಗಿ ಉಳಿಯದು. ರಷ್ಯವೂ ಅದನ್ನು ಮಾಡಿಕೊಳ್ಳುತ್ತದೆ. ಪರಸ್ಪರ ಸಂಶಯದಿಂದ ರಾಷ್ಟ್ರಗಳು ಪೈಪೋಟಿಗೆ ಇಳಿಯುತ್ತವೆ. ಆದ್ದರಿಂದ ಬಾಂಬು ಸಿದ್ಧವಾಗುವ ಮೊದಲೇ ರಷ್ಯಕ್ಕೆ ವಿಷಯ ತಿಳಿಸಿ ನಂಬಿಕೆಯನ್ನು ಬೆಳೆಸಬೇಕು ಎಂಬುದು ಅವರ ವಾದ. ಆಟಿಕೆಯ ಪಿಸ್ತೂಲಿನ ಕಾಳಗದಲ್ಲಿ ಎರಡನೆಯವನು ಗೆಲ್ಲುವನೆಂದು ತೋರಿಸಿದ್ದರು. ಈ ಕಾಳಗದಲ್ಲಿ ಮೊದಲನೆಯವನೂ ಉಳಿಯಲಾರ, ಎರಡನೆಯವನೂ ಉಳಿಯಲಾರ.

1944ರ ಮೇ ತಿಂಗಳಲ್ಲಿ ಅವರು ಬ್ರಿಟನ್ನಿನ ಪ್ರಧಾನಿ ಚರ್ಚಿಲ್ ಅವರನ್ನು ಕಂಡರು. ಭೇಟಿ ಅರ್ಧ ಗಂಟೆಯಷ್ಟೆ. ಬೋರ್ ಅವರ ಮೆಲುದನಿ, ಎಲ್ಲ ಮಗ್ಗುಲುಗಳನ್ನೂ ತೂಗಿ ನೋಡುವ ಉದ್ದನೆಯ ವಾಕ್ಯಗಳು ಯುದ್ಧದ ನಡುವಿದ್ದ ಆ ಪ್ರಧಾನಿಗೆ ರುಚಿಸಲಿಲ್ಲ. ಶಿಷ್ಯರು ವರ್ಷಗಟ್ಟಲೆ ಅಭ್ಯಾಸದಿಂದ ಅರ್ಥಮಾಡಿಕೊಳ್ಳುತ್ತಿದ್ದ ಮಾತು ಅರ್ಧ ಗಂಟೆಯಲ್ಲಿ ಹೇಗೆ ತಲುಪೀತು! ಆಗಸ್ಟಿನಲ್ಲಿ ಅಮೆರಿಕದ ಅಧ್ಯಕ್ಷ ರೂಸ್‌ವೆಲ್ಟ್ ಹೆಚ್ಚು ಸಹಾನುಭೂತಿಯಿಂದ ಕೇಳಿದಂತೆ ಕಂಡಿತು. ಆದರೆ ಸೆಪ್ಟೆಂಬರಿನಲ್ಲಿ ಆ ನಾಯಕರಿಬ್ಬರೂ ಸೇರಿದಾಗ ಬೋರ್ ಅವರ ಸಲಹೆಯನ್ನು ತಳ್ಳಿಹಾಕಿದರು. ರಹಸ್ಯ ಹೊರಬೀಳದಂತೆ ಅವರ ಮೇಲೆಯೇ ಕಣ್ಣಿಡಬೇಕೆಂದು ಬರೆದಿಟ್ಟರು. ಮರುವರ್ಷ ಹಿರೋಷಿಮ, ನಾಗಸಾಕಿಗಳು ಬೂದಿಯಾದವು. 1949ರಲ್ಲಿ ರಷ್ಯ ತನ್ನ ಮೊದಲ ಬಾಂಬನ್ನು ಸಿಡಿಸಿತು. ರಾಷ್ಟ್ರಗಳು ಒಂದಕ್ಕೊಂದು ತೆರೆದ ಮನೆಯಂತಿರಬೇಕೆಂದು 1950ರ ಜೂನ್ 9ರಂದು ಬೋರ್ ವಿಶ್ವಸಂಸ್ಥೆಗೆ ಬಹಿರಂಗ ಪತ್ರ ಬರೆದರು. ಅದೇ ತಿಂಗಳ ಕೊನೆಯ ವಾರ ಕೊರಿಯದ ಯುದ್ಧ ಆರಂಭವಾಗಿ ಪತ್ರ ಮರೆತುಹೋಯಿತು.

ಬೋರ್ 1945ರ ಆಗಸ್ಟಿನಲ್ಲಿಯೇ ತಾಯ್ನಾಡಿಗೆ ಮರಳಿದ್ದರು. ಮನೆಯಲ್ಲಿ ಆಟದ ಪರಂಪರೆ ಮುಂದುವರಿದಿತ್ತು. 1948ರಲ್ಲಿ ಸ್ವತಂತ್ರ ಭಾರತ ಹಾಕಿಯಲ್ಲಿ ಚಿನ್ನ ಗೆದ್ದ ಲಂಡನ್ ಒಲಿಂಪಿಕ್ಸಿನಲ್ಲಿ ಅವರ ಮಗ ಅರ್ನೆಸ್ಟ್ ಡೆನ್ಮಾರ್ಕಿನ ಹಾಕಿ ತಂಡದಲ್ಲಿ ಆಡಿದರು. ಇನ್ನೊಬ್ಬ ಮಗ ಓಗೆ 1975ರಲ್ಲಿ ತಂದೆಯಂತೆಯೇ ನೊಬೆಲ್ ಪಾರಿತೋಷಕ ಪಡೆದರು. ಹಿರಿಯ ಮಗ ಕ್ರಿಶ್ಚಿಯನ್ ಮಾತ್ರ 1934ರಲ್ಲಿ ತಂದೆಯ ಕಣ್ಣೆದುರಿನಲ್ಲೇ ಹಾಯಿದೋಣಿಯಿಂದ ಕಡಲಿಗೆ ಬಿದ್ದು ಮುಳುಗಿಹೋಗಿದ್ದ. ಆ ದುಃಖ ಬೋರ್ ಅವರನ್ನು ಕೊನೆಯವರೆಗೂ ಬಿಡಲಿಲ್ಲ.

ಅವರ ಬಾಳಿನ ದೊಡ್ಡ ಪಂದ್ಯ ಮೈದಾನದಲ್ಲಿ ನಡೆದುದಲ್ಲ. ಅದು ಗೆಳೆಯ ಐನ್‌ಸ್ಟೈನ್ ಅವರೊಡನೆ ನಡೆದ ವಾದ. ಪರಮಾಣು ಜಗತ್ತಿನಲ್ಲಿ ಕೆಲವು ಸಂಗತಿಗಳನ್ನು ಒಟ್ಟಿಗೇ ಖಚಿತವಾಗಿ ತಿಳಿಯಲಾಗದೆಂಬುದನ್ನು ಐನ್‌ಸ್ಟೈನ್ ಒಪ್ಪಲಿಲ್ಲ. 1930ರಲ್ಲಿ ಬ್ರಸಲ್ಸ್ ನಗರದ ಸಮ್ಮೇಳನದಲ್ಲಿ ಅವರು ಗಡಿಯಾರವುಳ್ಳ ಒಂದು ಪೆಟ್ಟಿಗೆಯನ್ನು ಕಲ್ಪಿಸಿದರು. ಗೊತ್ತಾದ ಗಳಿಗೆಯಲ್ಲಿ ಅದರಿಂದ ಒಂದೇ ಒಂದು ಬೆಳಕಿನ ಕಣ ಹೊರಬೀಳುತ್ತದೆ. ಪೆಟ್ಟಿಗೆಯನ್ನು ತೂಗಿದರೆ ಕಣದ ಶಕ್ತಿಯೂ ತಿಳಿಯುತ್ತದೆ. ಬೋರ್ ಅಂದು ರಾತ್ರಿ ಕಂಗೆಟ್ಟರು. ಬೆಳಗಾಗುವುದರೊಳಗೆ ಉತ್ತರ ಹೊಳೆಯಿತು. ತೂಗುವಾಗ ಪೆಟ್ಟಿಗೆ ಅಲುಗುತ್ತದೆ. ಅಲುಗಿದರೆ ಐನ್‌ಸ್ಟೈನರ ಸಾಪೇಕ್ಷತಾ ಸಿದ್ಧಾಂತದ ಪ್ರಕಾರವೇ ಗಡಿಯಾರದ ವೇಗ ಬದಲಾಗುತ್ತದೆ! ಆ ಸುತ್ತಿನಲ್ಲಿ ಬೋರ್ ಗೆದ್ದರು. ಆದರೂ ಐನ್‌ಸ್ಟೈನರ ಮನಸ್ಸು ಒಪ್ಪಲಿಲ್ಲ. ಬೋರ್ ಅವರೂ ಗೆದ್ದೆನೆಂದು ಸುಮ್ಮನಾಗಲಿಲ್ಲ. 1955ರಲ್ಲಿ ಐನ್‌ಸ್ಟೈನ್ ತೀರಿಕೊಂಡ ಮೇಲೆಯೂ ಮನಸ್ಸಿನಲ್ಲೇ ಅವರೊಡನೆ ವಾದ ಹೂಡುತ್ತಿದ್ದರು.

1962ರ ನವೆಂಬರ್ 18ರಂದು ಮಧ್ಯಾಹ್ನ ಊಟದ ತರುವಾಯ ವಿಶ್ರಾಂತಿಗೆಂದು ಮಲಗಿದ್ದ ಬೋರ್ ಕೊನೆಯುಸಿರೆಳೆದರು. ಹಿಂದಿನ ದಿನ ಅವರು ತಮ್ಮ ಓದುವ ಕೋಣೆಯ ಕರಿಹಲಗೆಯ ಮೇಲೆ ಸೀಮೆಸುಣ್ಣದಿಂದ ಬರೆದಿದ್ದ ಚಿತ್ರಗಳಲ್ಲಿ ಒಂದು ಹಾಗೆಯೇ ಉಳಿದಿತ್ತು: ಮೂವತ್ತೆರಡು ವರ್ಷಗಳ ಹಿಂದಿನ ಐನ್‌ಸ್ಟೈನರ ಆ ಪೆಟ್ಟಿಗೆ.